ಬಂಡಿ ದಾರಿಗೊಂದು ವಂದನಾರ್ಪಣೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಆಚೀಚೆ ಯಾವ ಸಭೆ ನಡೆದರೂ ಕೊನೆಗೆ ಎದ್ದು ನಿಲ್ಲುವವರು ಗುರುಬಸವ ಕೊಪ್ಪದ ಅವರೇ. ಎಪಿಎಂಸಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ವಿಮಾನ ನಿಲ್ದಾಣದ ಕಾಂಪೌಂಡಿಗೆ ಬೆನ್ನು ಹಚ್ಚಿಕೊಂಡಿರುವ ಕಲ್ಲೇಶ್ವರ ನಗರದ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಸ್ವಾಗತ ಭಾಷಣಕ್ಕೆ ಜನ ಮುಗಿಬೀಳುತ್ತಾರೆ, ಅಧ್ಯಕ್ಷರ ಕುರ್ಚಿಯ ಮಾತಂತೂ ಕೇಳುವುದೇ ಬೇಡ. ವಂದನಾರ್ಪಣೆ ಮಾತ್ರ ಯಾರಿಗೂ ಬೇಡ. ಅಷ್ಟೊತ್ತಿಗೆ ಅರ್ಧ ಜನ ಉಪ್ಪಿಟ್ಟಿನ ವಾಸನೆ ಹಿಡಿದು ಹೊರಬಿದ್ದಿರುತ್ತಾರೆ. ಇಂಥ ದಿಕ್ಕಿಲ್ಲದ ಕೆಲಸವನ್ನು ಗುರುಬಸವರು ಹರೆಯದಲ್ಲೇ ಕೈಗೆತ್ತಿಕೊಂಡು ಅದಕ್ಕೊಂದು ಮರ್ಯಾದೆ ತಂದುಕೊಟ್ಟಿದ್ದರು.

ಅವರದು ಬಲು ಕಟ್ಟುನಿಟ್ಟು. ಮಾಡಿದವರ ಹೆಸರು ಬಿಡುವುದಿಲ್ಲ, ಮಾಡದ ಕೆಲಸಕ್ಕೆ ವಂದನೆ ಹೇಳುವುದಿಲ್ಲ. ಒಮ್ಮೆ ಪೆಂಡಾಲಿನ ಕಮರುದ್ದೀನ ಕುರ್ಚಿ ಕಡಿಮೆ ತಂದಿದ್ದ. ಗುರುಬಸವರು ಪೆಂಡಾಲಿಗೆ ವಂದಿಸಿದರು, ಮೈಕಿಗೆ ವಂದಿಸಿದರು, ಕುರ್ಚಿಯ ಮಾತನ್ನು ನುಂಗಿಬಿಟ್ಟರು. ಪಾಪ, ಕಮರುದ್ದೀನ ಎಷ್ಟೋ ದಿನ ಆ ಕಡೆ ಮುಖ ಹಾಕಲಿಲ್ಲ. ಇನ್ನೊಂದು ರಿವಾಜೂ ಉಂಟು, ಅದು ಅವರೊಬ್ಬರದಲ್ಲ, ಎಲ್ಲರೂ ಒಪ್ಪಿದ್ದು: ವಂದಿಸುವವನು ಚರ್ಚೆಯಲ್ಲಿ ಬಾಯಿ ಹಾಕಬಾರದು. ನಡುವೆ ಜಗಳ ತೆಗೆದವನೇ ಕೊನೆಗೆ ಕೈಮುಗಿದು ನಿಂತರೆ ಹೇಗೆ ಕಂಡೀತು?

ಹೀಗೆ ಸಾಗಿದ್ದ ಸಂಸಾರದೊಳಗೆ ವಿಮಾನ ನಿಲ್ದಾಣದ ವಿಸ್ತರಣೆಯ ದೂರಗಾಮಿ ಯೋಜನೆ ಬಂತು. ಇನ್ನು ಇಪ್ಪತ್ತು ವರ್ಷಕ್ಕೆ ಎಷ್ಟು ವಿಮಾನ ಬರಬಹುದು, ಎಲ್ಲಿ ಇಳಿಯಬೇಕು, ಎಲ್ಲಿ ನಿಲ್ಲಬೇಕು ಎಂದೆಲ್ಲ ಯೋಚಿಸಿ ಯಾವುದೋ ಸಲಹಾ ಸಂಸ್ಥೆಯವರು ನಕ್ಷೆ ಬರೆದಿದ್ದರು. ಅಂತಿಮ ಮಾಡುವ ಮೊದಲು ಸಂಬಂಧಪಟ್ಟವರೆಲ್ಲರ ಅಭಿಪ್ರಾಯ ಕೇಳಬೇಕೆಂದು ಸಭೆ ಕರೆದರು. ಕಲ್ಲೇಶ್ವರ ನಗರದವರಿಗೆ ಹಿಗ್ಗೋ ಹಿಗ್ಗು. ಸೈಟಿನ ರೇಟು ಏರುತ್ತದೆಂದು ಸಂಘದವರು ಆಗಲೇ ಮೀಸೆ ತಿರುವುತ್ತಿದ್ದರು. ನಕ್ಷೆಯ ಒಂದು ಮೂಲೆಯನ್ನು ಮಾತ್ರ ಯಾರೂ ಸರಿಯಾಗಿ ನೋಡಿರಲಿಲ್ಲ. ಸರಕು ವಿಮಾನಗಳ ಅಂಗಳವೆಂದು ನೀಲಿ ಬಳಿದಿದ್ದ ಜಾಗ ಹಳೆಯ ಬಂಡಿ ದಾರಿಯ ಮೇಲೆ ಬಂದಿತ್ತು.

ನೋಡಿದವರು ಗುರುಬಸವರ ಹೆಂಡತಿ ದಾಕ್ಷಾಯಿಣಿ. ಆ ದಾರಿಯ ಕೊನೆಗೆ ಲಿಂಗಾಯತರ ರುದ್ರಭೂಮಿ, ಅದರ ಬೇವಿನ ಮರದ ಕೆಳಗೆ ಅವರ ಮಗಳು ಸೌಂದರ್ಯಾಳ ಪುಟ್ಟ ಗದ್ದುಗೆ. ಹುಡುಗಿ ಎಂಟು ವರ್ಷದವಳಿದ್ದಾಗ ಮೆದುಳು ಜ್ವರಕ್ಕೆ ತೀರಿಕೊಂಡಳು. ಅಂದಿನಿಂದ ದಾಕ್ಷಾಯಿಣಿ ಸೋಮವಾರವೊಂದನ್ನೂ ತಪ್ಪಿಸಿದವರಲ್ಲ. ಬಿಲ್ವಪತ್ರೆ, ವಿಭೂತಿ ಹಿಡಿದು ನಡೆದುಕೊಂಡೇ ಹೋಗಿ ಬರುತ್ತಾರೆ. ದಾರಿ ಮುಚ್ಚಿದರೆ ಹೈವೇ ಸುತ್ತಿ ಹೋಗಬೇಕು, ಎರಡು ಆಟೋ ಬದಲಿಸಬೇಕು. ಅವರ ಮೊಣಕಾಲು ಆಗಲೇ ಮಾತು ಕೇಳುತ್ತಿರಲಿಲ್ಲ. ಗುರುಬಸವರು ಆ ಕಡೆ ಹೋಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಕೇಳಿದರೆ ಸಂಘದ ಕೆಲಸ ಎನ್ನುತ್ತಿದ್ದರು.

ದಾರಿ ಉಳಿಸಬೇಕೆಂದು ಗಂಡ ಹೆಂಡತಿ ನಿಲ್ದಾಣದ ಕಚೇರಿಗೆ ಅರ್ಜಿ ಕೊಟ್ಟರು. ತಲುಪಿದೆ ಎಂಬ ಉತ್ತರ ಬಂತು, ಮುಂದೆ ಸುದ್ದಿಯಿಲ್ಲ. ಸಭೆಯಲ್ಲೇ ಎದ್ದು ಹೇಳಿದರಾಯಿತೆಂದು ಗುರುಬಸವರು ಹೆಂಡತಿಗೆ ಮಾತು ಕೊಟ್ಟರು. ಅಷ್ಟರಲ್ಲಿ ಸಭೆಯ ಏರ್ಪಾಟು ಹೊತ್ತಿದ್ದ ವ್ಯಾಪಾರಿ ಸಂಘದ ಶಶಿಕುಮಾರ ಫೋನು ಮಾಡಿ, ವಂದನಾರ್ಪಣೆ ನಿಮ್ಮದೇ ಕಾಕಾ, ಬೇರೆ ಯಾರ ಬಾಯಲ್ಲೂ ಅದು ಒಪ್ಪುವುದಿಲ್ಲ ಎಂದ. ಗುರುಬಸವರು ಹೂಂ ಅಂದುಬಿಟ್ಟರು! ಹೊಗಳಿದರೆ ಅವರಿಗೆ ಇಲ್ಲ ಎನ್ನಲು ನಾಲಿಗೆ ಹೊರಳದು.

ಸಭೆಯ ಹಿಂದಿನ ಸಂಜೆ ದಾಕ್ಷಾಯಿಣಿ ರೊಟ್ಟಿ ಬಡಿಯುತ್ತಿದ್ದರು. ಗುರುಬಸವರು ಬಾಗಿಲಲ್ಲಿ ನಿಂತು ಹೀಗ್ಹೀಗೆ ಎಂದು ಒಪ್ಪಿಸಿದರು. ರಿವಾಜಿನ ಪ್ರಕಾರ ತಾವಿನ್ನು ಚರ್ಚೆಯಲ್ಲಿ ಮಾತಾಡುವಂತಿಲ್ಲ ಎಂದೂ ಹೇಳಿದರು. ದಾಕ್ಷಾಯಿಣಿಯ ಕೈ ನಿಂತಿತು.

“ನಮ್ಮ ಕೂಸನ್ನ ಮಣ್ಣಾಗ ಇಟ್ಟ ದಿನಾನೂ ನೀವು ವಂದನಾರ್ಪಣಿ ಮಾಡಿದ್ರಿ. ಜೀಪ್ ಕೊಟ್ಟವ್ರಿಗೆ, ಭಜನಿ ಮಾಡಿದವ್ರಿಗೆ, ಎಲ್ಲಾರಿಗೂ ಹೇಳಿದ್ರಿ. ನಾ ಅಲ್ಲೇ ನಿಂತಿದ್ನಿ,” ಎಂದರು. “ನಾಳೆ ಒಂದಿನ ಅದನ್ನ ಬಿಟ್ಟು ಮಾತಾಡ್ರಿ.”

ಇಷ್ಟು ವರ್ಷ ಅವರು ಆ ಮಾತನ್ನು ಎತ್ತಿರಲಿಲ್ಲ. ಹೌದು, ತಾವು ಕೈಮುಗಿದು ನಿಂತದ್ದು ಗುರುಬಸವರಿಗೆ ನೆನಪಾಯಿತು. ಗದ್ದುಗೆಯ ಮಣ್ಣು ಇನ್ನೂ ಹಸಿಯಿತ್ತು. ಯಾರ ಹೆಸರೂ ಬಿಟ್ಟುಹೋಗಲಿಲ್ಲವಲ್ಲ ಎಂದು ಆವತ್ತು ಒಳಗೊಳಗೇ ಸಮಾಧಾನಪಟ್ಟದ್ದೂ ನೆನಪಾಯಿತು. ನಾಚಿಕೆಯಿಂದ ಅವರಿಗೆ ಊಟ ಸೇರಲಿಲ್ಲ.

ಸಭೆ ದೇಶಪಾಂಡೆ ನಗರದ ಒಂದು ಸಭಾಂಗಣದಲ್ಲಿ. ಧಾರವಾಡದ ಮಾಳಮಡ್ಡಿಯಲ್ಲಿ ಹುಟ್ಟಿ ಬೆಳೆದ ಯಶೋಧರಾ ಎಂಬ ಯೋಜನಾಧಿಕಾರಿ ನಕ್ಷೆಯನ್ನು ಪರದೆಯ ಮೇಲೆ ತೋರಿಸಿ, ಬಿಡಿಸಿ ಬಿಡಿಸಿ ಹೇಳಿದರು. ಆಮೇಲೆ ಶುರುವಾಯಿತು ನೋಡಿ! ಒಬ್ಬರಿಗೆ ಮುಂಜಾನೆಯ ಮುಂಬಯಿ ವಿಮಾನ ಬೇಕು. ಧಾರವಾಡದವರಿಗೆ ನಿಲ್ದಾಣದ ಬಾಗಿಲಿಗೇ ಬಸ್ಸು ಬೇಕು. ಮಾವಿನಹಣ್ಣಿನ ವ್ಯಾಪಾರಿಯೊಬ್ಬರು ಕೋಲ್ಡ್ ಸ್ಟೋರೇಜಿನ ಮಾತಿನಿಂದ ಹೊರಟು ತಮ್ಮ ಅಜ್ಜನ ತೋಟಕ್ಕೆ ಹೋದವರು ವಾಪಸು ಬರುವ ಹೊತ್ತಿಗೆ ಸಭಿಕರು ಆಕಳಿಸುತ್ತಿದ್ದರು. ಗುರುಬಸವರು ವೇದಿಕೆಯ ತುದಿಯ ಕುರ್ಚಿಯಲ್ಲಿ ಕೂತು ನಾಲ್ಕಾರು ಸಲ ಕೈ ಎತ್ತಿದರು. ಶಶಿಕುಮಾರ ಪ್ರತಿ ಸಲವೂ ನಕ್ಕು, ನಿಮ್ಮದು ಕೊನೆಗೆ ಕಾಕಾ, ಎಂದು ಸನ್ನೆ ಮಾಡಿದ. ಹಿಂದಿನ ಸಾಲಿನಲ್ಲಿ ದಾಕ್ಷಾಯಿಣಿ ಕೂತಿದ್ದರು. ಗಂಡನ ಸಭೆಗೆ ಅವರು ಬಂದದ್ದು ಅದೇ ಮೊದಲು. ಹೊತ್ತು ಮುಗಿಯಿತು, ಚರ್ಚೆಯೂ ಮುಗಿಯಿತು. ಬಂಡಿ ದಾರಿಯ ಸುದ್ದಿ ಯಾರೂ ಎತ್ತಲೇ ಇಲ್ಲ. ಅಧಿಕಾರಿ ಮಾತ್ರ, ಬಂದ ಅರ್ಜಿಗಳನ್ನೆಲ್ಲ ಪರಿಶೀಲಿಸುತ್ತೇವೆ ಎಂದು ಒಟ್ಟಾರೆ ಒಂದು ಮಾತು ಹೇಳಿ ಕೂತರು.

ಗುರುಬಸವರನ್ನು ವಂದನಾರ್ಪಣೆಗೆ ಕರೆದರು. ಮೈಕಿನ ಮುಂದೆ ನಿಂತು, ಅಧಿಕಾರಿಗಳಿಗೆ, ಸಭಾಂಗಣದವರಿಗೆ, ಉಪ್ಪಿಟ್ಟಿನವರಿಗೆ ಕ್ರಮವಾಗಿ ವಂದಿಸಿದರು. ಧ್ವನಿ ಎಂದಿನಂತೇ ಇತ್ತು.

“ಕಲ್ಲೇಶ್ವರ ನಗರದಿಂದ ರುದ್ರಭೂಮಿಗೆ ಹೋಗೋ ಬಂಡಿ ದಾರಿ ಮುಚ್ಚೂದಿಲ್ಲ ಅಂತ ಒಪ್ಪಿಕೊಂಡಿದ್ದಕ್ಕ, ಯಶೋಧರಾ ಮೇಡಂ ಅವ್ರಿಗೆ ವಿಶೇಷ ವಂದನೆಗಳು,” ಎಂದರು. “ಆ ದಾರ್ಯಾಗ ನಮ್ಮ ಮನಿಯವ್ರು ಸೋಮವಾರಕ್ಕೊಮ್ಮೆ ಮಗಳನ್ನ ನೋಡಾಕ ಹೊಕ್ಕಾರ. ಮಗಳು ಅಲ್ಲೇ ಅದಾಳ್ರಿ.”

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಸೈಟಿನ ರೇಟು ಎಣಿಸುತ್ತಿದ್ದವರೂ ತಟ್ಟಿದರು; ವಂದನಾರ್ಪಣೆಗೆ ಚಪ್ಪಾಳೆ ತಟ್ಟದಿರುವುದು ಈ ಊರಿನಲ್ಲಿ ಆಗದ ಮಾತು. ಯಶೋಧರಾ ಏನೋ ಹೇಳಲು ಕೈ ಎತ್ತಿದರು. ಅಷ್ಟರಲ್ಲಿ ರಾಷ್ಟ್ರಗೀತೆ ಶುರುವಾಯಿತು, ಎದ್ದು ನಿಲ್ಲಬೇಕಾಯಿತು. ಮಾಡದ ಕೆಲಸಕ್ಕೆ ಗುರುಬಸವರು ಜೀವಮಾನದಲ್ಲಿ ಹೇಳಿದ ಮೊದಲ ವಂದನೆ ಅದು.

ಸಂಘದವರು ಸಿಟ್ಟಾದರು, ಕಾರ್ಯದರ್ಶಿಯಾಗಿ ಸುಳ್ಳು ಹೇಳಬಹುದೇ ಎಂದು ಮುಖಕ್ಕೇ ಕೇಳಿದರು. ಗುರುಬಸವರು ಕಾರ್ಯದರ್ಶಿ ಪದವಿ ಬಿಟ್ಟುಕೊಟ್ಟರು. ಅವರಿಗೂ ತಪ್ಪೆನಿಸಿತ್ತು, ಆದರೆ ತಿರುಗಿ ಹೇಳೆಂದರೆ ಅದನ್ನೇ ಹೇಳುತ್ತಿದ್ದರು.

ಯಶೋಧರಾ ಒಂದು ಸೋಮವಾರ ಜಾಗ ನೋಡಲು ತಾವೇ ಬಂದರು. ದಾಕ್ಷಾಯಿಣಿ ಬುಟ್ಟಿ ಹಿಡಿದು ಹೊರಟಿದ್ದರು. ಇಬ್ಬರೂ ಜೊತೆಯಾಗಿ ರುದ್ರಭೂಮಿಯವರೆಗೆ ನಡೆದುಹೋಗಿ ಬಂದರು. ತಿದ್ದಿದ ನಕ್ಷೆ ಬಂದಾಗ ನೀಲಿ ಅಂಗಳ ಒಂದಿಷ್ಟು ಪೂರ್ವಕ್ಕೆ ಸರಿದಿತ್ತು, ಕಾಂಪೌಂಡಿನ ಹೊರಗೆ ದಾರಿ ಉಳಿದಿತ್ತು. ಆ ಸುದ್ದಿಯನ್ನು ಯಶೋಧರಾ ಫೋನಿನಲ್ಲಿ ಹೇಳಿ, “ಕಾಕಾ, ಮುಂದಿನ ಸಭಾದಾಗ ನೀವು ಮೊದಲ ಮಾತಾಡ್ರಿ. ವಂದನಾ ಬ್ಯಾರೇದವ್ರು ಮಾಡ್ಲಿ,” ಎಂದರು.

ಮರುಸೋಮವಾರ ದಾಕ್ಷಾಯಿಣಿ ಚಪ್ಪಲಿ ಮೆಟ್ಟುವಾಗ ಗುರುಬಸವರೂ ಮೆಟ್ಟಿದರು. ಬೇವಿನ ಮರದ ಕೆಳಗೆ ದಾಕ್ಷಾಯಿಣಿ ಕಸ ತೆಗೆದು, ನೀರು ಹಾಕಿ, ವಿಭೂತಿ ಹಚ್ಚಿ, ಪತ್ರೆ ಇಟ್ಟರು. ಗುರುಬಸವರ ಕೈಗಳು ಅಭ್ಯಾಸದಂತೆ ತಾವಾಗಿ ಕೂಡಿದವು, ಬಾಯಿ ತೆರೆಯಿತು, ಮಾತು ಮಾತ್ರ ಬರಲಿಲ್ಲ. ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತರು.

ದಾಕ್ಷಾಯಿಣಿ ಪಕ್ಕದಲ್ಲಿ ಕೂತು ಅವರ ಬೆನ್ನ ಮೇಲೆ ಕೈಯಿಟ್ಟರು.

“ಅವತ್ತು ಕೂಸನ್ನ ಇಟ್ಟಾಗ ಇಷ್ಟೇ ಆಗಬೇಕಿತ್ತು ನೋಡ್ರಿ,” ಎಂದರು.