ಮಧ್ಯಾಹ್ನ ಟವೆಲ್ ಹೊದೆಯುವ ಕ್ಯೂಆರ್

ಕೊಟ್ಟಾರದ ಗೂಡಂಗಡಿಯೊಂದರಲ್ಲಿ ಮಧ್ಯಾಹ್ನ ಎರಡೂವರೆಗೆ ಬನ್ಸ್ ತಿಂದು ಚಹಾ ಕುಡಿದೆ. ಹಣ ಕೊಡಲು ನೋಡಿದರೆ ಕ್ಯೂಆರ್ ಫಲಕಕ್ಕೆ ಟವೆಲ್ ಹೊದಿಸಲಾಗಿತ್ತು.

"ಈಗ ಕ್ಯಾಶ್ ಮಾತ್ರ," ಎಂದರು ಅಂಗಡಿಯ ಸೆಲಿನ್ ಬಾಯಮ್ಮ.

"ಎಂತಕ್ಕೆ?"

"ದುಡ್ಡು ಬಿದ್ದ ಕೂಡಲೇ ದುಬೈಯಲ್ಲಿ ಮಗನ ಮೊಬೈಲಿಗೆ ಮೆಸೇಜ್ ಹೋಗ್ತದೆ. ಮಂಡಿ ನೋವುಂಟಲ್ಲ, ಮಧ್ಯಾಹ್ನ ಮಲಗ್ತೇನೆ ಅಂತ ಅವನಿಗೆ ಹೇಳಿದ್ದೇನೆ. ಗೊತ್ತಾದ್ರೆ ಅಂಗಡಿಯನ್ನೇ ಬಂದ್ ಮಾಡಿಸ್ತಾನೆ ಮಾರಾಯ್ರೆ!"

ನನ್ನಲ್ಲಿ ನಗದು ಇರಲಿಲ್ಲ. ಬಾಯಮ್ಮ ಶಿಲುಬೆಯ ಗುರುತು ಹಾಕಿಕೊಂಡು ಟವೆಲ್ ಸರಿಸಿದರು. ನಾನು ಹಣ ಕಳಿಸಿದ ಅರೆ ನಿಮಿಷದಲ್ಲಿ ಅವರ ಫೋನ್ ರಿಂಗಾಯಿತು. ಕೊಂಕಣಿಯಲ್ಲಿ ಏನೋ ವಾದಿಸಿ, ಫೋನನ್ನು ನನ್ನ ಕೈಗಿತ್ತು ಪಿಸುಗುಟ್ಟಿದರು: "ಬೆಳಿಗ್ಗೆ ಕುಡಿದ ಚಾದ ದುಡ್ಡು ಈಗ ಹಾಕಿದ್ದು ಅಂತ ಹೇಳಿ."

"ಸರ್, ನೀವು ಈಗ ಎಲ್ಲಿದ್ದೀರಿ?" ಎಂದು ಮಗ ಕೇಳಿದ.

ನಾನು ಸುಳ್ಳು ಜೋಡಿಸುವ ಮೊದಲೇ ರಿಕ್ಷಾದವರೊಬ್ಬರು ಹಿಂದಿನಿಂದ ಕೂಗಿದರು: "ಬಾಯಮ್ಮ, ಎರಡು ಚಾ!"

ಅದು ದುಬೈಗೂ ಕೇಳಿಸಿತು.

"ಒಂದು ಉಪಕಾರ ಮಾಡಿ ಸರ್. ಮಮ್ಮಿಯನ್ನು ಕೂರಿಸಿ, ಆ ಎರಡು ಚಾ ನೀವೇ ಕೊಡಿ."

ಕೊಟ್ಟೆ. ಬಾಯಮ್ಮ ಬೆಂಚಿನ ಮೇಲಿಂದಲೇ ಹೇಳಿದರು: "ಲೋಟ ತೊಳೆದು ಹೋಗಿ, ಆಯ್ತಾ?"