ಸತ್ತ ಎಮ್ಮೆ ಪತ್ರದಲ್ಲಿ ಕರು ಹಾಕಿತು

ನಮ್ಮಣ್ಣ ಮಿಲಿಟರಿಯಲ್ಲಿದ್ದ. ಗಡಿಯ ಗುಡ್ಡಗಳ ಮೇಲೆ ಯುದ್ಧ ಶುರುವಾದಾಗ ಆಡೂರಿನ ಹತ್ತಿರದ ನಮ್ಮ ಊರಿಗೆ ಇನ್ನೂ ಮೊಬೈಲ್ ಬಂದಿರಲಿಲ್ಲ. ಅವನಿಗೂ ನಮಗೂ ನಡುವೆ ಇದ್ದದ್ದು ನೀಲಿ ಇನ್‌ಲ್ಯಾಂಡ್ ಪತ್ರ ಒಂದೇ. ಅದನ್ನು ಬರೆಯುವ ಕರ್ಮ ನನ್ನದು. ನನ್ನ ಅಕ್ಷರ ಚಂದ ಎಂದು ಯಾರೋ ಪುಣ್ಯಾತ್ಮರು ಅವ್ವನ ಕಿವಿಗೆ ಹಾಕಿದ್ದರು.

ಪತ್ರ ಬರೆಯುವುದು ನಮ್ಮಲ್ಲಿ ಗುಟ್ಟಿನ ಕೆಲಸವಲ್ಲ. ಅವ್ವ ಕಟ್ಟೆಯ ಮೇಲೆ ಕೂತು ಹೇಳುವಳು, ಓಣಿಯವರೆಲ್ಲ ನಡುವೆ ಬಾಯಿ ಹಾಕುವರು. "ನಂದೂ ಒಂದು ನಮಸ್ಕಾರ ಹಾಕವ್ವ." "ಅಲ್ಲಿ ಥಂಡಿ ಭಾಳೈತೇನು ಕೇಳು." "ನಮ್ಮ ಗೋವಿನಜೋಳ ಮೊಣಕಾಲುದ್ದ ಬಂದಾವಂತ ಬರಿ." ಗುಂಡು ಹಾರುವಲ್ಲಿ ನಿಂತವನಿಗೆ ಪಕ್ಕದ ಮನೆಯವರ ಜೋಳದ ಎತ್ತರ! ನಾನು ಹಲ್ಲು ಕಡಿಯುತ್ತ ಬರೆಯುತ್ತಿದ್ದೆ.

ಅವ್ವನದು ಒಂದೇ ಕಟ್ಟಪ್ಪಣೆ: ಮಗನ ಮನಸ್ಸು ಕದಡುವ ಯಾವ ಸುದ್ದಿಯೂ ಹೋಗಕೂಡದು. ಯುದ್ಧ ಶುರುವಾದ ಹೊಸದರಲ್ಲೇ ಅಣ್ಣನ ಮುದ್ದಿನ ಎಮ್ಮೆ ಸತ್ತಿತು. ಅವನೋ, ಪ್ರತಿ ಪತ್ರದಲ್ಲೂ ನಮಗಿಂತ ಮೊದಲು ಅದರ ಕ್ಷೇಮ ಕೇಳುವವನು.

"ಆರಾಮ ಐತಿ ಅಂತ ಬರಿ," ಎಂದಳು ಅವ್ವ. ಬರೆದೆ. ಮುಂದಿನ ಪತ್ರದಲ್ಲಿ ಎಮ್ಮೆ ಗಬ್ಬಾಯಿತು. ಅದರ ಮುಂದಿನದರಲ್ಲಿ ಕರು ಹಾಕಿತು.

"ಯವ್ವಾ, ಎರಡು ತಿಂಗಳದಾಗ ಯಾವ ಎಮ್ಮಿ ಈಯ್ತೈತಿ?"

"ಅಂವಗ ಅಲ್ಲಿ ಲೆಕ್ಕ ಹಾಕಾಕ ಪುರಸೊತ್ತೆಲ್ಲೈತಿ? ಬರಿ ನೀ."

ಇತ್ತ ಅಣ್ಣನ ಹೆಂಡತಿ, ಸವಣೂರಿನಿಂದ ಬಂದ ನಮ್ಮ ವೈನಿ, ನಿಜವಾಗಿಯೂ ಬಸರಿ. ರಜೆ ಮುಗಿಸಿ ಹೊರಟಾಗ ಅಣ್ಣನಿಗಿರಲಿ, ಅವಳಿಗೂ ಅದು ಗೊತ್ತಿರಲಿಲ್ಲ. ಈಗ ತಿಳಿಸೋಣವೆಂದರೆ ಅವ್ವ ಒಲ್ಲೆ ಎಂದಳು. "ಬಂದೂಕು ಹಿಡಿದು ನಿಂತಾನ ಅಂವ. ಇತ್ತಾಗ ಲಕ್ಷ್ಯ ಹರಿದ್ರ ಏನ್ ಗತಿ?"

ವೈನಿ ಅತ್ತೆಗೆ ಎದುರಾಡಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿಯನ್ನು ಓಣಿಗೆಲ್ಲ ಕೇಳುವಂತೆ ಬಡಿದಳು. "ಸತ್ತ ಎಮ್ಮಿ ಗಬ್ಬಾಗಬಹುದು, ಜೀವಂತ ಇದ್ದ ನಾ ಬಸರಾಗಬಾರದನ?"

ನಾನು ನಕ್ಕುಬಿಟ್ಟೆ. ಅವಳ ಕಣ್ಣಲ್ಲಿ ನೀರಿತ್ತು. "ಅವರಿಗೆ ಗೊತ್ತಾಗದನ ಏನರ ಆಗಿಬಿಟ್ರ?" ಎಂದವಳು ತನ್ನ ಮಾತಿಗೆ ತಾನೇ ಹೆದರಿ ಬಾಯಿ ಮುಚ್ಚಿಕೊಂಡಳು.

ಕೆಲವು ವಾರಗಳಾದ ಮೇಲೆ ಅಣ್ಣನ ಪತ್ರ ಬಂತು. ಕಟ್ಟೆಯ ಮೇಲೆ ಜೋರಾಗಿ ಓದಿದೆ. "ಅವ್ವಾ, ನಿಮ್ಮ ಪತ್ರ ಬಿಚ್ಚಿದ್ರ ಒಳಗ ದಾರ ಇರತಾವ. ನಮ್ಮ ಪತ್ರ ಮೊದಲು ಓದೋ ಸಾಹೇಬ್ರು, ಇದೇನು ಗುಪ್ತ ಸಂದೇಶೇನಪಾ ಅಂತ ನನ್ನ ನಿಲ್ಲಿಸಿ ಕೇಳಿದ್ರು."

"ಗೋಂದು ಹಚ್ಚೂಮುಂದ ನಿನ್ನ ಲಕ್ಷ್ಯ ಎಲ್ಲಿರತೈತಿ?" ಅವ್ವ ಎಲ್ಲರೆದುರು ನನ್ನನ್ನೇ ಬೈದಳು. ಮಾಡದ ತಪ್ಪಿಗೆ ಬೈಸಿಕೊಂಡು ಸುಮ್ಮನಿರುವ ಜಾತಿ ನನ್ನದಲ್ಲ. ಗೋಂದು ಹಚ್ಚುತ್ತಿದ್ದದ್ದು ವೈನಿ. ಮುಂದಿನ ಪತ್ರ ಬರೆದು ಅವಳ ಕೈಗೆ ಕೊಟ್ಟು, ಹಿಂದೆಯೇ ಒಳಗೆ ನುಗ್ಗಿದೆ. ವೈನಿ ಹೊಲಿಗೆ ದಾರವನ್ನು ಹೊಟ್ಟೆಯ ಸುತ್ತ ಹಿಡಿದು ಅಳತೆ ತೆಗೆದುಕೊಳ್ಳುತ್ತಿದ್ದಳು.

"ಬರೀಬ್ಯಾಡ ಅಂದಾರ ಅತ್ತಿ. ಅಳತಿ ಕಳಸಬ್ಯಾಡ ಅಂದಿಲ್ಲಲ್ಲ?"

"ವೈನಿ, ನಮ್ಮಣ್ಣ ಎಂಥಾ ದಡ್ಡ ಅಂತ ಗೊತ್ತಿಲ್ಲೇನ್ರಿ ನಿಮಗ?"

"ಗೊತ್ತೈತಿ. ಆದರ ಪ್ರತಿ ಸಲ ಉದ್ದ ಆಗೂದರ ಕಾಣಸ್ತೈತಲ್ಲ ಅವರಿಗೆ."

ಇನ್‌ಲ್ಯಾಂಡ್ ಪತ್ರದೊಳಗೆ ಏನೂ ಇಡಬಾರದೆಂದು ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅಂದಿನಿಂದ ದಾರವನ್ನು ಸುರುಳಿ ಸುತ್ತಿ, ಚಪ್ಪಟೆ ಒತ್ತಿ, ಅಂಟಿಸುವ ಕೆಲಸ ನಾನೇ ಮಾಡಿದೆ. ಅಣ್ಣ ಮಾತ್ರ ಮತ್ತೆ ದಾರದ ಸುದ್ದಿಯೇ ಎತ್ತಲಿಲ್ಲ. ತಿಳಿಯಿತೋ, ಕೊಡವಿ ಎಸೆದನೋ ಎಂದು ವೈನಿ ಪ್ರತಿ ಪತ್ರಕ್ಕೂ ನನ್ನ ಮುಖ ನೋಡುವಳು.

ಯುದ್ಧ ನಿಂತಿತು ಎಂದು ರೇಡಿಯೋ ಹೇಳಿತು. ಆದರೂ ಅಣ್ಣನಿಗೆ ರಜೆಯಿಲ್ಲ. ವೈನಿ ಸೀಮಂತದ ಕುಬಸ ಮುಗಿಸಿಕೊಂಡು ಹೆರಿಗೆಗೆ ಸವಣೂರಿನ ತವರಿಗೆ ಹೋದಳು. ನಮ್ಮ ಪತ್ರಗಳು ಹೋಗುತ್ತಲೇ ಇದ್ದವು. ಅವುಗಳಲ್ಲಿ ಸತ್ತ ಎಮ್ಮೆಯ ಕರು ಅಂಗಳದ ತುಂಬ ಜಿಗಿದಾಡುತ್ತಿತ್ತು. ಅತ್ತ ಕಡೆಯಿಂದ ಮಾತ್ರ ಪತ್ರ ನಿಂತಿತು. ಅವ್ವನಿಗೆ ಊಟ ಸೇರದಾಯಿತು. ಪೋಸ್ಟ್‌ಮನ್ನನ ಸೈಕಲ್ ಗಂಟೆ ಕೇಳಿದರೆ ಸಾಕು, ಕೈಲಿದ್ದದ್ದು ಬಿಟ್ಟು ಬಾಗಿಲಿಗೆ ಬರುತ್ತಿದ್ದಳು.

ಕೊನೆಗೆ ಸವಣೂರಿನಿಂದ ಹೆಣ್ಣು ಹುಟ್ಟಿದ ಸುದ್ದಿ ಬಂತು. ಮರುದಿನ ಕೂಸು ನೋಡಲು ನಾವು ಹೊರಟು ನಿಂತಾಗಲೇ ಅಣ್ಣನ ಪತ್ರವೂ ಬಂತು. ಕಟ್ಟೆಯ ಮೇಲೆ ನಿಂತೇ ಓದಿದೆ.

"ಅವ್ವಾ, ಎಮ್ಮಿ ಸತ್ತದ್ದು ನನಗ ಯಾವಾಗೋ ಗೊತ್ತಾಗೈತಿ. ಅದರ ಕರು ಜಿಗಿಸೂದು ಸಾಕು ಮಾಡ್ರಿ. ಈಗ ಬರೂ ಪತ್ರದಾಗ ದಾರ ಯಾಕ ಇಲ್ಲ? ಆಕಿ ಆರಾಮ ಅದಾಳಿಲ್ಲೋ? ಖರೇ ಹೇಳ್ರಿ. ನನಗ ನಿದ್ದಿ ಹತ್ತವಲ್ದು."

ಜೋಳದ ಎತ್ತರ ಹೇಳುವವರೂ ಹತ್ತಿರ ಸರಿದರು. ಅವ್ವ ನನ್ನನ್ನು ನೋಡಿದಳು. ಎಲ್ಲ ಹೇಳಿದೆ. ಕಪಾಳಕ್ಕೆ ಬೀಳುತ್ತದೆಂದು ಎರಡು ಹೆಜ್ಜೆ ಹಿಂದೆ ಸರಿದೇ ಹೇಳಿದೆ.

"ಅವನ ಮನಸು ಕದಡಬಾರದು ಅಂತ ಇಷ್ಟೆಲ್ಲಾ ಮಾಡಿದೆ," ಎಂದಳು ಅವ್ವ. "ನಾನ ಕದಡಿದ್ನೆಲ್ಲೋ ಯಪ್ಪಾ." ಸೆರಗಿನಿಂದ ಕಣ್ಣೊರಸಿಕೊಂಡಳು. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಸವಣೂರು ಮುಟ್ಟಿದೆವು.

ಬಾಣಂತಿಯ ಪಕ್ಕ ಕೂತ ಅವ್ವ ಮೊದಲು ಕೇಳಿದ್ದು ಕೂಸನ್ನಲ್ಲ. "ನಿನ್ನ ದಾರ ಎಲ್ಲೈತಿ?"

ವೈನಿಯ ಮುಖ ಬಿಳಿಚಿಕೊಂಡಿತು. ದಿಂಬಿನ ಕೆಳಗಿಂದ ದಾರದ ಉಂಡೆ ತೆಗೆದುಕೊಟ್ಟಳು. ಅವ್ವ ದಾರದ ತುದಿಯನ್ನು ಕೂಸಿನ ನೆತ್ತಿಗೆ ಹಿಡಿದು, ಮಡಚಿಕೊಂಡಿದ್ದ ಕಾಲನ್ನು ಮೆಲ್ಲಗೆ ನೇರ ಮಾಡಿ, ಹಿಮ್ಮಡಿಯವರೆಗೆ ಎಳೆದು ಹಲ್ಲಿನಿಂದ ಕಡಿದಳು.

ನಾನು ಪೆನ್ನಿನ ಟೊಪ್ಪಿಗೆ ತೆಗೆದೆ. "ಏನ್ ಬರೀಲಿ?"

"ಏನೂ ಬರೀಬ್ಯಾಡ. ಓಣ್ಯಾಗಿನವರ ನಮಸ್ಕಾರನೂ ಬ್ಯಾಡ. ಇದನ್ನಷ್ಟ ಹಾಕಿ ಅಂಟಸು."

ಸುರುಳಿ ಸುತ್ತಿ ಅಂಟಿಸಿದೆ. ಆ ಸಲದ ದಾರ, ವೈನಿ ಕೊನೆಗೆ ಕಳಿಸಿದ್ದರ ಅರ್ಧವೂ ಇರಲಿಲ್ಲ.