ಸಭೆ ಮತ್ತೆ ಹೇಳುವವರೆಗೆ

ಈ ವರ್ಷ ಮಾರ್ಚ್ ತಿಂಗಳ ಕೊನೆಯ ಶುಕ್ರವಾರ, ಆಲೂರಿನಿಂದ ಸಕಲೇಶಪುರದ ಕಡೆಗೆ ಹೋಗುವ ಒಳದಾರಿಯಲ್ಲಿರುವ ನಮ್ಮ ಊರಿನಲ್ಲಿ, ಅಮ್ಮ ನಡೆಸುತ್ತಿದ್ದ ಶಾಲೆ ಮುಚ್ಚಿತು. ಉಳಿದಿದ್ದ ಕೆಲವೇ ಮಕ್ಕಳು ಜೂನ್‌ನಿಂದ ಬೇರೆ ಶಾಲೆಗಳಿಗೆ ಹೋಗುವವರಿದ್ದರು. ಬೆಂಚು, ಮೇಜು ಎಂದೂ ಇರದ ಶಾಲೆಯಾದ್ದರಿಂದ ಸಾಗಿಸಬೇಕಾದದ್ದು ಕಡಿಮೆಯಿತ್ತು: ಚಾಪೆಗಳು, ಎರಡು ಪುಸ್ತಕದ ಕಪಾಟು, ಒಂದು ಸಣ್ಣ ಮಗ್ಗ, ಬಣ್ಣದ ಡಬ್ಬಗಳು. ಅವನ್ನು ಪಿಕಪ್ ಗಾಡಿಗೆ ಹೇರುವಾಗ ಬಚ್ಚಲ ನೀರು ಹರಿಯುವ ಕಡೆ ಬೆಳೆದಿದ್ದ ಗರಗದ ಸೊಪ್ಪು ಕಾಲಡಿಗೆ ಸಿಕ್ಕಿ ಜಜ್ಜಿಹೋಯಿತು. ಹಸಿಹಸಿಯಾದ, ತುಸು ಕಹಿ ಬೆರೆತ ಆ ವಾಸನೆ ಮೇಲೆದ್ದಿತು. ಕಪಾಟಿನ ಒಂದು ತುದಿ ಹಿಡಿದುಕೊಂಡಿದ್ದ ನಾನು ಅದನ್ನು ಅಲ್ಲೇ ಕೆಳಗಿಟ್ಟು ನಿಂತೆ.

ಅದು ತಾತನ ವಾಸನೆ. ತಾತ ಎಂದರೆ ಅಮ್ಮನ ಅಪ್ಪ. ಸುತ್ತಮುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಕರಿಹಲಗೆ ಬೆಳ್ಳಗಾದರೆ ಗರಗದ ಸೊಪ್ಪನ್ನು ಇದ್ದಿಲಿನೊಂದಿಗೆ ಅರೆದು ಬಳಿಯುವುದು ಅವರ ಕಾಲದ ಪದ್ಧತಿ. ನಮ್ಮ ಕೊಟ್ಟಿಗೆಯ ಗೋಡೆಗೂ ಅದನ್ನೇ ಬಳಿದು ಕರಿಹಲಗೆ ಮಾಡಿಕೊಂಡಿದ್ದರು. ಬಳಿದ ಮೇಲೆ ಒಣಗುವ ತನಕ, ಕೈ ಮೊಣಕೈವರೆಗೆ ಕಪ್ಪಾಗಿ, ಯಾರೂ ಮುಟ್ಟದಂತೆ ಕಾವಲು ಕೂರುತ್ತಿದ್ದರು. ಆ ಮನೆಯ ಬೆಳಗುಗಳು ನನಗೆ ಈಗಲೂ ಮೂಗಿನಿಂದಲೇ ನೆನಪಾಗುತ್ತವೆ. ಒಳಗೆ ಕಾವಲಿಯ ಮೇಲೆ ಅಕ್ಕಿರೊಟ್ಟಿ ಕಂದುವ ವಾಸನೆ, ಹೊರಗೆ ಅಂಗಳದಲ್ಲಿ ಹರಡಿದ ಕಾಫಿ ಹಣ್ಣಿನ ಹುಳಿ, ನಡುವೆ ಪೂಜೆ ಮುಗಿಸಿ ಬಂದ ತಾತನ ಹಣೆಯ ವಿಭೂತಿ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು. ಅದರ ಬಾಗಿಲುಗಳೆಲ್ಲ ಯಾವ ದಿಕ್ಕಿಗಿದ್ದವು ಎಂದು ಕೇಳಿದರೆ ನೀವೂ ಕಣ್ಣು ಮುಚ್ಚಿ ಹೇಳಬಲ್ಲಿರಿ.

ತಾತನ ಬಗ್ಗೆ ಊರಿನವರು ಹೇಳುತ್ತಿದ್ದ ಒಂದು ಕತೆಯಿತ್ತು. ಅವರು ಕೆಲಸದಲ್ಲಿದ್ದಾಗ ಒಮ್ಮೆ ಆನೆಗಳ ಹಿಂಡು ಗದ್ದೆಗೆ ಇಳಿದು, ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿತ್ತಂತೆ. ತಾತ ಮಾತ್ರ ಸುತ್ತು ದಾರಿ ಹಿಡಿದು ಶಾಲೆಗೆ ಹೋಗಿ, ಬೀಗ ತೆಗೆದು, ಖಾಲಿ ಕೋಣೆಯಲ್ಲಿ ಸಂಜೆಯವರೆಗೆ ಕೂತು ಬಂದರಂತೆ. ಮಕ್ಕಳೇ ಬರಲ್ಲ ಅಂತ ಗೊತ್ತಿದ್ದೂ ಯಾಕೆ ಹೋದಿರಿ ಎಂದು ಕೇಳಿದವರಿಗೆ ಅವರು ಹೇಳಿದ್ದು: "ರಜೆ ಅಂತ ಆರ್ಡರ್ ಬಂದಿರ್ಲಿಲ್ವಲ್ಲ ಮಾರಾಯ. ಆನೆ ಆರ್ಡರ್ ಕೊಡಕ್ಕಾಯ್ತದಾ?" ಈ ಕತೆ ಕೇಳಿ ನಾವೆಲ್ಲ ನಗುತ್ತಿದ್ದೆವು. ತಾತನೂ ನಗುತ್ತಿದ್ದರು, ಆದರೆ ಅದರಲ್ಲಿ ನಗುವಂಥದ್ದೇನಿದೆ ಎಂದು ಅವರಿಗೆ ಪೂರ್ತಿ ತಿಳಿದಿತ್ತೆಂದು ನನಗೆ ಅನಿಸುವುದಿಲ್ಲ.

ಅಮ್ಮ ಕಲಿತದ್ದು ತಾತನ ಕೈಕೆಳಗೇ. ಮೇಷ್ಟ್ರ ಮಗಳು ಎಂದು ಯಾರೂ ಹೇಳಬಾರದಲ್ಲ, ಅದಕ್ಕೆ ಅವಳಿಗೆ ಎರಡೇಟು ಜಾಸ್ತಿ ಬೀಳುತ್ತಿತ್ತು. ಮುಂದೆ ಮೈಸೂರಿನಲ್ಲಿ ಕೆಲವು ವರ್ಷ ಟೀಚರಾಗಿದ್ದು, ಅದು ಸಾಕಾಗಿ, ನನ್ನನ್ನು ಕರೆದುಕೊಂಡು ಊರಿಗೆ ಬಂದಳು. ಹಾಸನದಲ್ಲಿ ಕೆಲಸದಲ್ಲಿದ್ದ ಅಪ್ಪ ಶನಿವಾರ ಬರುತ್ತಿದ್ದರು. ಹೊಡೆತವಿಲ್ಲದ, ಗಂಟೆಯಿಲ್ಲದ, ಪರೀಕ್ಷೆಯಿಲ್ಲದ ಶಾಲೆಯೊಂದನ್ನು ಶುರುಮಾಡುತ್ತೇನೆ ಎಂದು ಅಮ್ಮ ಹೇಳಿದಾಗ, ತಾತ ಹಸುಗಳನ್ನು ಮಾರಿ ಕೊಟ್ಟಿಗೆ ಖಾಲಿ ಮಾಡಿಕೊಟ್ಟರು. ಮಗು ಏನು ಕಲಿಯಬೇಕೆಂದು ಮಗುವೇ ಹೇಳಬೇಕು, ಕೇಳದೆ ಕಲಿಸಬಾರದು, ಯಾರೂ ಯಾರನ್ನೂ ನೋಯಿಸಿ ಮುಟ್ಟಬಾರದು, ಪ್ರತಿ ಶುಕ್ರವಾರ ಮನೆಯ ಜಗಲಿಯಲ್ಲಿ ಸಭೆ, ಕೈ ಎತ್ತಿ ತೀರ್ಮಾನ, ಅದರಲ್ಲಿ ಅಮ್ಮನಿಗೂ ಒಂದೇ ಕೈ, ಆರು ವರ್ಷದವರಿಗೂ ಒಂದೇ ಕೈ. ಇವು ಅಲ್ಲಿನ ನಿಯಮಗಳು. ಬೆಂಗಳೂರು ಬಿಟ್ಟು ಬಂದು ಈ ಕಡೆ ಎಸ್ಟೇಟ್ ಮನೆಗಳನ್ನು ಬಾಡಿಗೆಗೆ ಹಿಡಿದಿದ್ದ ಕೆಲವರ ಮಕ್ಕಳು, ನಮ್ಮೂರಿನ ಮಕ್ಕಳು, ತೋಟದ ಕೆಲಸದವರ ಲೈನ್ ಮನೆಗಳ ಮಕ್ಕಳು ಸೇರಿದರು. ಊರಿನವರು ಅದನ್ನು ಆಟದ ಸ್ಕೂಲು ಎಂದರು.

ಈ ಶಾಲೆಯಲ್ಲಿ ಮಗ್ಗಿ ಹೇಳಿಕೊಡಲು ತಾತ ಸಭೆಯ ಒಪ್ಪಿಗೆ ಕೇಳಿ ಪಡೆದರು. ಬೇಕಾದವರು ಮಧ್ಯಾಹ್ನ ಹೋಗಿ ಕರಿಗೋಡೆಯ ಮುಂದೆ ಕೂತು ರಾಗವಾಗಿ ಹೇಳುತ್ತಿದ್ದರು. ಒಂದು ದಿನವೂ ತಪ್ಪಿಸದವಳು ಚಂದ್ರಿ, ಲೈನ್ ಮನೆಯ ಹುಡುಗಿ, ನನಗಿಂತ ಒಂದು ವರ್ಷ ದೊಡ್ಡವಳು. ನಾನು ಕಡಿಮೆ ಹೋಗುತ್ತಿದ್ದೆ. ಬೆಂಗಳೂರಿನಿಂದ ಬಂದಿದ್ದ ರೋಹನ್ ತಾತನ ಹಾಗೆ ಗಂಟಲು ಸರಿಮಾಡಿಕೊಂಡು, "ಐತೆ, ಐತೆ" ಎಂದು ತಲೆಯಾಡಿಸಿ ಎಲ್ಲರನ್ನೂ ನಗಿಸುತ್ತಿದ್ದ. ನಾನೂ ನಗುತ್ತಿದ್ದೆ. ತಾತನ ಮಾತು, ವಿಭೂತಿ, ಬಟ್ಟೆಚೀಲ, ಮಗ್ಗಿಯ ರಾಗ ಯಾವುದೂ ನನ್ನದಲ್ಲ ಎಂಬಂತೆ ಇರಲು ಆ ವಯಸ್ಸಿನಲ್ಲಿ ನಾನು ಬಹಳ ಶ್ರಮಪಡುತ್ತಿದ್ದೆ.

ಒಂದು ದಿನ ರೋಹನ್ ಅದನ್ನು ತಾತನ ಎದುರಿಗೇ ಮಾಡಿದ. ತಾತ ಅವನ ಕಿವಿ ಹಿಂಡಿದರು. ಶುಕ್ರವಾರ ವಿಷಯ ಸಭೆಗೆ ಬಂತು. ಆ ವಾರ ಅಧ್ಯಕ್ಷೆಯ ಸರದಿ ಚಂದ್ರಿಯದು. ತಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಲ್ಲರಿಗಿಂತ ಮೊದಲೇ ಬಂದು ಜಗಲಿಯ ಕಂಬದ ಪಕ್ಕ ನಿಂತಿದ್ದರು.

"ಮೇಷ್ಟ್ರೇ, ನಿಂತ್ಕಬ್ಯಾಡಿ, ಕುಂತ್ಕಂಡೇ ಹೇಳಿ," ಎಂದಳು ಚಂದ್ರಿ.

"ಇರ್ಲಿ ಅಧ್ಯಕ್ಷರೇ. ವಿಚಾರಣೆ ಅಂದ್ಮೇಲೆ ನಿಂತೇ ಉತ್ತರ ಕೊಡ್ಬೇಕು."

ಒಂಬತ್ತು ವರ್ಷದ ಚಂದ್ರಿಯನ್ನು ಅಧ್ಯಕ್ಷರೇ ಎಂದದ್ದಕ್ಕೆ ಮಕ್ಕಳು ಬಿದ್ದು ಬಿದ್ದು ನಕ್ಕರು. ತಾತ ನಗಲಿಲ್ಲ. ಕಿವಿ ಹಿಂಡಿದ್ದು ನಿಜವೇ ಎಂದು ಅವಳು ಕೇಳಿದಳು.

"ನಿಜ ಐತೆ. ಸಿಟ್ಟು ಬಂತು, ಕೈ ಹೋಗ್ಬುಡ್ತು. ಹಳೇ ಕೈ. ತಪ್ಪು ನಂದೇ. ಸಭೆ ಏನ್ ಶಿಕ್ಷೆ ಕೊಟ್ರೂ ಒಪ್ಕತೀನಿ."

"ತಾತಂಗೂ ಕಿವಿ ಹಿಂಡಾಣ!" ಎಂದು ಚಿಕ್ಕವನೊಬ್ಬ ಕೂಗಿದ.

"ಅದೂ ಮುಟ್ಟಿದ ಹಾಗೇ ಆಗುತ್ತೆ ಕಣೋ," ಎಂದಳು ಅಮ್ಮ.

ರೋಹನ್ ಎದ್ದು, ತಾತ ಶಾಲೆಗೆ ಬರಬಾರದು ಎಂದ. ಎಷ್ಟು ದಿನ ಎಂದು ಚಂದ್ರಿ ಕೇಳಿದಳು. ಅವನು ಅದನ್ನು ಯೋಚಿಸಿರಲಿಲ್ಲ. "ನಾವು ಮತ್ತೆ ಹೇಳೋವರ್ಗೂ," ಎಂದುಬಿಟ್ಟ.

ಅವನ ಗೆಳೆಯರ ಕೈಗಳು ಕೂಡಲೇ ಎದ್ದವು. ಊರಿನ ಮಕ್ಕಳು ಅಮ್ಮನ ಮುಖ ನೋಡಿದರು. ನಿಯಮ ಅಮ್ಮನದು, ಮುರಿದದ್ದು ಅವಳ ಅಪ್ಪ. ಅವಳ ಕೈ ನಿಧಾನವಾಗಿ ಮೇಲೆ ಹೋಯಿತು. ಅದನ್ನು ನೋಡಿ ಉಳಿದವೂ ಹೋದವು. ನನ್ನದೂ ಹೋಯಿತು. ಅಮ್ಮ ಎತ್ತಿದ್ದಕ್ಕೆ ನಾನೂ ಎತ್ತಿದೆ ಎಂದು ಬಹಳ ಕಾಲ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಇನ್ನು ಮೇಲೆ ಮಧ್ಯಾಹ್ನ ಆ ರಾಗ ಕೇಳಿಸುವುದಿಲ್ಲ, ಯಾರೂ ನನ್ನ ಕಡೆ ತಿರುಗಿ ನಗುವುದಿಲ್ಲ ಎಂದು ನನಗೆ ಹಗುರವಾಗಿತ್ತು. ಕೈ ಎತ್ತದವಳು ಚಂದ್ರಿ ಒಬ್ಬಳೇ. ಆದರೆ ತೀರ್ಮಾನ ಹೇಳಬೇಕಾದವಳೂ ಅವಳೇ. ಅವಳು ತಲೆ ತಗ್ಗಿಸಿ ಏನೋ ಗೊಣಗಿದಳು.

"ಗಟ್ಟಿಯಾಗಿ ಹೇಳ್ಬೇಕು ಅಧ್ಯಕ್ಷರೇ, ಹಿಂದೆ ಕುಂತೋರಿಗೂ ಕೇಳ್ಬೇಕು," ಎಂದು ತಾತನೇ ಹೇಳಿಕೊಟ್ಟರು.

"ಸಭೆ ಮತ್ತೆ ಹೇಳೋವರ್ಗೂ ಮೇಷ್ಟ್ರು ಸ್ಕೂಲ್ ಕಡೆ ಬರಂಗಿಲ್ಲ," ಎಂದಳು.

"ಆಗ್ಲಿ," ಎಂದು ತಾತ ಎಲ್ಲರಿಗೂ ಕೈಮುಗಿದು, ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿದರು.

ಮುಂದಿನ ಶುಕ್ರವಾರ ಸಭೆಗೆ ಬೆಕ್ಕಿನ ಮರಿಗಳ ವಿಷಯ ಬಂತು. ಅದರ ಮುಂದಿನ ವಾರ ಏಣಿ ಯಾರದೆಂಬ ಜಗಳ. ಮಕ್ಕಳು ತಾತನ ವಿಷಯ ಮರೆತರು. ಆ ತೀರ್ಮಾನ ಎರಡು ದಿನದ ಸಿಟ್ಟಿನ ಮಾತು, ತಾನಾಗಿ ಮುಗಿಯಿತು ಎಂದುಕೊಂಡಿದ್ದಳು ಅಮ್ಮ. ಸ್ವತಃ ರೋಹನ್ನೇ ಒಂದು ದಿನ ತಾತ ಯಾಕೆ ಬರ್ತಿಲ್ಲ ಎಂದು ಅಮ್ಮನನ್ನು ಕೇಳಿದ. "ಬೇಜಾರಾಗಿದೆ ಅವರಿಗೆ. ಬಲವಂತ ಮಾಡಬಾರದು. ಅವರಿಗೇ ಬರಬೇಕು ಅನ್ನಿಸಿದಾಗ ಬರ್ತಾರೆ," ಎಂದಳು ಅಮ್ಮ. ಮುನಿಸಿಕೊಂಡು ಮೂಲೆಯಲ್ಲಿ ಕೂತ ಮಕ್ಕಳ ಬಗ್ಗೆಯೂ ಅವಳು ಹೇಳುತ್ತಿದ್ದದ್ದು ಇದೇ ಮಾತು, ಮಕ್ಕಳ ವಿಷಯದಲ್ಲಿ ಅದು ಬಹುಪಾಲು ಸರಿಯಾಗುತ್ತಿತ್ತು.

ತಾತನಿಗೆ ಬೇಜಾರಾಗಿರಲಿಲ್ಲ. ಅವರು ಕಾಯುತ್ತಿದ್ದರು. ಜಗಲಿ ಶಾಲೆಯ ಜಾಗವೆಂದು ತಮ್ಮ ಕೋಣೆಗೆ ಹಿತ್ತಲ ಬಾಗಿಲಿನಿಂದ ಓಡಾಡತೊಡಗಿದ್ದರು. ಊಟಕ್ಕೂ ಅಲ್ಲಿಂದಲೇ ಅಡುಗೆಮನೆಗೆ ಬರುತ್ತಿದ್ದರು. ಶುಕ್ರವಾರ ಸಂಜೆ ನಾನು ಅವರಿಗೆ ಕಾಫಿ ಕೊಡಲು ಹೋದರೆ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳುತ್ತಿದ್ದರು: "ಸಭೇಲಿ ನನ್ ವಿಷ್ಯ ಏನಾರ ಬಂತಾ ಮಗಾ?"

"ಇಲ್ಲ ತಾತ."

"ಬತ್ತದೆ ಬಿಡು. ಆರ್ಡರ್ ಇಲ್ದೆ ಡ್ಯೂಟಿಗೆ ಹೋದ್ರೆ ಅದು ಇನ್ನೊಂದ್ ತಪ್ಪಾಯ್ತದೆ."

ಅಮ್ಮನಿಗೆ ಹೇಳಲೇ ಎಂದು ಒಮ್ಮೆ ಕೇಳಿದೆ. ಬೇಡವೇ ಬೇಡ ಎಂದರು. ಮಗಳ ಹತ್ತಿರ ಶಿಫಾರಸು ಹಿಡಿದು ಕೆಲಸಕ್ಕೆ ಮರಳುವುದು ಅವರ ದೃಷ್ಟಿಯಲ್ಲಿ ಹೇಸಿಗೆಯ ಕೆಲಸ. "ಸಭೇಲಿ ಯಾರಾರ ಎತ್ತಿದ್ರೆ ಅದು ಬ್ಯಾರೆ ಮಾತು," ಎಂದು ಸೇರಿಸಿ, ಕಾಫಿ ಕುಡಿಯತೊಡಗಿದರು. ಅವರು ನನ್ನನ್ನು ನೇರವಾಗಿ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಯಾವ ಮಗು ಬೇಕಾದರೂ ಯಾವ ವಿಷಯವನ್ನಾದರೂ ಸಭೆಯಲ್ಲಿ ಎತ್ತಬಹುದಿತ್ತು. ಎದ್ದು ನಿಂತು ಒಂದು ಮಾತು ಹೇಳಿದರೆ ಸಾಕಿತ್ತು. ಆ ಮಕ್ಕಳಲ್ಲಿ ಯಾರೂ ವಿರೋಧಿಸುತ್ತಿರಲಿಲ್ಲ, ರೋಹನ್ ಕೂಡ. ನಾನು ಒಂದೊಂದು ಶುಕ್ರವಾರವೂ ಮುಂದಿನ ವಾರ ಹೇಳುತ್ತೇನೆ ಎಂದುಕೊಂಡು ಕೂತೆ. ಆಮೇಲೆ ಹಾಗೆ ಅಂದುಕೊಳ್ಳುವುದನ್ನೂ ಬಿಟ್ಟೆ. ಬರಬರುತ್ತಾ ಕಾಫಿ ಲೋಟ ಹಿಡಿದು ಹೊಸಿಲು ದಾಟುವಾಗಲೇ ತಲೆ ಅಡ್ಡ ಆಡಿಸುತ್ತಿದ್ದೆ, ಅವರು ಬಾಯಿ ತೆರೆಯುವ ಮೊದಲೇ.

ಮಗ್ಗಿ ನಿಂತ ಮೇಲೆ ಚಂದ್ರಿ ಕೆಲವು ದಿನ ಹಿತ್ತಲ ಬಾಗಿಲಿಗೆ ಬಂದಳು. ಹದಿಮೂರರ ಮಗ್ಗಿ ಆಗಿತ್ತು, ಹದಿನಾಲ್ಕರದು ಬೇಕಿತ್ತು. ತಾತ ಅವಳಿಗೆ ಬೆಲ್ಲದ ಚೂರು ಕೊಟ್ಟು, ತಲೆ ಸವರಿ, ಆದೇಶವಿಲ್ಲ ಕಣವ್ವ ಎಂದು ಕಳಿಸಿದರು. ಆ ಜೂನ್‌ನಲ್ಲಿ ಅವಳಪ್ಪ ಅವಳನ್ನು ಆಲೂರಿನ ಸರ್ಕಾರಿ ಶಾಲೆಗೆ ಸೇರಿಸಿದ. ಅಮ್ಮ ಅವರ ಮನೆಗೆ ಹೋಗಿ ಕಾರಣ ಕೇಳಿದ್ದಕ್ಕೆ, "ಆಟ ಮನೇಲೂ ಆಡ್ತದೆ ಕಣಮ್ಮ. ಮೇಷ್ಟ್ರು ಅವ್ರೆ ಅಂತ ಕಳಿಸ್ತಿದ್ದೆ," ಎಂದನಂತೆ. ಅಮ್ಮ ಮನೆಗೆ ಬಂದು, ತಾತನ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ತಾತ ಪೇಪರ್ ಓದುತ್ತಿದ್ದರು. ಅವಳು ಹಾಗೇ ಒಳಗೆ ಹೋದಳು.

ಕೊಟ್ಟಿಗೆಯ ಗೋಡೆ ಎರಡು ಮಳೆಗಾಲದಲ್ಲಿ ಬೂದು ಬಣ್ಣಕ್ಕೆ ತಿರುಗಿತು. ಅಮ್ಮ ಅದರ ಮೇಲೆ ಮಕ್ಕಳಿಂದ ನವಿಲು, ಆನೆಗಳ ಚಿತ್ರ ಬರೆಸಿದಳು. ತಾತ ಕೇಳುವುದನ್ನು ಯಾವಾಗ ನಿಲ್ಲಿಸಿದರು ಎಂಬುದು ನನಗೆ ಖಚಿತವಾಗಿ ನೆನಪಿಲ್ಲ. ನಾನು ಹೈಸ್ಕೂಲಿಗೆಂದು ಸಕಲೇಶಪುರಕ್ಕೆ ಹೋಗತೊಡಗಿದ ವರ್ಷ ಅವರು ತೀರಿಕೊಂಡರು. ಪದ್ಧತಿಯಂತೆ ಕೂರಿಸಿ, ಹೂವಿಟ್ಟು, ಜಗಲಿಯಲ್ಲಿ ಇಟ್ಟಿದ್ದರು. ಅಷ್ಟು ವರ್ಷಗಳಲ್ಲಿ ಅವರು ಜಗಲಿಗೆ ಬಂದದ್ದು ಅಂದೇ. ಮಕ್ಕಳೆಲ್ಲ ಸಾಲಾಗಿ ನಮಸ್ಕಾರ ಮಾಡಿದರು. ಅವರಲ್ಲಿ ಅರ್ಧದಷ್ಟು ಮಕ್ಕಳಿಗೆ ಅವರು ಹಿತ್ತಲ ಬಾಗಿಲಿನಲ್ಲಿ ಓಡಾಡುವ ಒಬ್ಬ ಅಜ್ಜ, ಅಷ್ಟೆ.

ಮಾರ್ಚ್‌ನ ಆ ಶುಕ್ರವಾರ, ಸಾಮಾನು ಹೇರುವ ಮೊದಲು, ಕೊನೆಯ ಸಭೆ ನಡೆಯಿತು. ಹಳೆಯ ವಿದ್ಯಾರ್ಥಿಗಳಿಗೂ ಅಂದು ಒಂದೊಂದು ಕೈ ಎಂದು ಅಮ್ಮ ಹೇಳಿದ್ದಳು. ಉಳಿದಿದ್ದ ಮಕ್ಕಳು ಮಗ್ಗ ಯಾರಿಗೆ, ಬೆಕ್ಕು ಯಾರಿಗೆ ಎಂದು ತೀರ್ಮಾನಿಸಿದರು. ಆಮೇಲೆ ಅಮ್ಮ ಎದ್ದು ಎಲ್ಲರಿಗೂ ಧನ್ಯವಾದ ಹೇಳಿದಳು. "ನಮ್ಮಪ್ಪನಿಗೆ ಈ ಶಾಲೆ ಕೊನೆಗೂ ಇಷ್ಟ ಆಗಲಿಲ್ಲ. ಒಂದು ಸಲ ಮನಸ್ಸು ಮುರೀತು, ಮತ್ತೆ ಈ ಕಡೆ ತಿರುಗಿ ನೋಡಲಿಲ್ಲ. ಆದರೂ ಜಾಗ ಬಿಡಿ ಅಂತ ಒಂದು ದಿನ ಅನ್ನಲಿಲ್ಲ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಇನ್ನು ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಆ ವಾರದ ಅಧ್ಯಕ್ಷ, ಏಳು ವರ್ಷದ ಹುಡುಗ, ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಕೇಳಿದ. ನನ್ನ ಮುಖದ ಬಳಿ ಅವನು ಸ್ವಲ್ಪ ತಡೆದ. ನಾನು ತಲೆ ಅಡ್ಡ ಆಡಿಸಿದೆ. ಸಭೆ ಮುಗಿಯಿತು ಎಂದು ಅವನು ಹೇಳಿದ.

ಅಮ್ಮ ಈಗ ನನ್ನ ಜೊತೆ ಹಾಸನದಲ್ಲಿದ್ದಾಳೆ. ತಾತ ಕಾಯುತ್ತಿದ್ದರು ಎಂದು ಅವಳಿಗೆ ನಾನು ಇನ್ನೂ ಹೇಳಿಲ್ಲ.